"ಸರ್ಕಾರದ ಲಾಯರ್" ಅಂದರೆ ಯಾರು? ಕೋರ್ಟಿನಲ್ಲಿ ನಮ್ಮ ಪರ ನಿಲ್ಲುವವರು ಯಾರು?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಇರುವುದು ಮೂರು ಎಕರೆ. ಚಿಕ್ಕಪ್ಪ ಒಂದು ನೋಟರಿ ಮಾಡಿಸಿದ ಪಾಲುಪತ್ರ ತೋರಿಸಿ ಎರಡು ಎಕರೆ ನನ್ನದು ಅನ್ನುತ್ತಿದ್ದಾರೆ. ಬದುವಿನ ಹತ್ತಿರ ಜಗಳ ಆಗಿ ಅಮ್ಮನ ಕೈಗೆ ಪೆಟ್ಟು ಬಿತ್ತು, ಪೊಲೀಸ್ ಕೇಸೂ ಆಗಿದೆ. ಕೋರ್ಟಿಗೆ ಹೋದಾಗ ಕಪ್ಪು ಕೋಟಿನ ಒಬ್ಬ ಮೇಡಂ "ನಾನು ಸರ್ಕಾರದ ಲಾಯರ್, ಈ ಕೇಸು ನಾನೇ ನಡೆಸುವುದು" ಅಂದರು. ನಮ್ಮ ಫೋನ್ ನಂಬರೂ ತೆಗೆದುಕೊಳ್ಳಲಿಲ್ಲ. ಹೊರಗೆ ಇನ್ನೊಬ್ಬರು "ಲಾಯರ್ ಆಫೀಸಿನವನು" ಅಂತ ಹೇಳಿ 3,000 ರೂಪಾಯಿ ತೆಗೆದುಕೊಂಡರು. ಊರಲ್ಲಿ "ಫ್ರೀ ಲಾಯರ್ ಸಿಗ್ತಾರೆ, ಸುಮ್ನೆ ದುಡ್ಡು ಯಾಕೆ ಕೊಡ್ತೀರಿ" ಅನ್ನುತ್ತಾರೆ. ಅಡ್ವೊಕೇಟ್, ಲಾಯರ್, ನೋಟರಿ, ಪಿಪಿ ಇವರೆಲ್ಲ ಒಂದೇನಾ? ಇದರಲ್ಲಿ ನಮ್ಮವರು ಯಾರು?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕೇಳಬೇಕಾದ ಪ್ರಶ್ನೆ ಅದೇ. ನೀವು ಬರೆದಿರುವುದನ್ನು ನೋಡಿದರೆ ಇವತ್ತಿಗೆ ನಿಮ್ಮವರು ಅಂತ ಯಾರೂ ಇಲ್ಲ. ಗಾಬರಿ ಬೇಡ, ಸರಿಮಾಡಿಕೊಳ್ಳಬಹುದು. ಆದರೆ ಇದು ಮೊದಲು ಗೊತ್ತಿರಲಿ. ಆ ಮೇಡಂ ನಿಮ್ಮ ವಕೀಲರಲ್ಲ, ದುಡ್ಡು ತೆಗೆದುಕೊಂಡವರು ಬಹುಶಃ ವಕೀಲರೇ ಅಲ್ಲ, ಚಿಕ್ಕಪ್ಪನ ಪತ್ರಕ್ಕೆ ಸೀಲು ಹಾಕಿದವರು ಯಾರ ಪರವೂ ಅಲ್ಲ.

ನಾನು ಈ ಭಾಗದ ಕೋರ್ಟುಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ವಕೀಲಿ ಮಾಡಿದ್ದೇನೆ. ಜನ ಕೇಸು ಸೋಲುವುದಕ್ಕಿಂತ ಮೊದಲು ಇಲ್ಲೇ ಎಡವುತ್ತಾರೆ. ಕಪ್ಪು ಕೋಟು ಕಂಡರೆ "ಲಾಯರ್ ಸಾರ್" ಅಂತ ಕೈಮುಗಿದು ಮನೆಯ ಕಥೆಯನ್ನೆಲ್ಲ ಹೇಳಿಬಿಡುತ್ತಾರೆ, ಆ ಕೋಟಿನೊಳಗೆ ಇರುವವರು ಎದುರು ಪಾರ್ಟಿಯವರೂ ಆಗಿರಬಹುದು ಅನ್ನುವುದು ಆ ಹೊತ್ತಿಗೆ ಹೊಳೆಯುವುದೇ ಇಲ್ಲ.

'ವಕೀಲ' ಅನ್ನುವ ಪದ ಅರಬ್ಬಿಯಿಂದ ಬಂದದ್ದು. ಬೇರೆಯವರ ಪರವಾಗಿ ನಿಲ್ಲುವವನು ಅಂತ ಅರ್ಥ. ಹಿಂದೆ ಒಬ್ಬ ರಾಜನ ಪರವಾಗಿ ಇನ್ನೊಬ್ಬನ ದರ್ಬಾರಿಗೆ ಹೋಗುತ್ತಿದ್ದವನನ್ನೂ ವಕೀಲ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಯಾರಾದರೂ "ನಾನು ವಕೀಲ" ಅಂದರೆ "ಯಾರಿಗೆ?" ಅಂತ ಕೇಳುವುದು ತಪ್ಪಲ್ಲ. ಆ ಪದವೇ ಅದನ್ನು ಕೇಳುತ್ತದೆ.

ನಮ್ಮ ಹಳ್ಳಿಗಳಲ್ಲಿ ಹಿರಿಯರು ಈಗಲೂ 'ಪ್ಲೀಡರ್' ಅನ್ನುತ್ತಾರೆ. ಅದು ಬ್ರಿಟಿಷರ ಕಾಲದ ಪದ. ಆಗ ಪ್ಲೀಡರ್, ಮುಖ್ತಾರ, ವಕೀಲ, ಅಟಾರ್ನಿ, ಬ್ಯಾರಿಸ್ಟರ್ ಅಂತ ಬೇರೆ ಬೇರೆ ದರ್ಜೆಗಳಿದ್ದವು. 1961ರ ವಕೀಲರ ಕಾಯ್ದೆ ಬಂದ ಮೇಲೆ ಇವೆಲ್ಲ ಒಂದಾದವು. ಈಗ ಕೋರ್ಟಿನಲ್ಲಿ ಹಕ್ಕಿನಿಂದ ವಾದ ಮಾಡಬಲ್ಲವರು ಒಂದೇ ವರ್ಗ, ಅಡ್ವೊಕೇಟ್. ಕನ್ನಡದಲ್ಲಿ ವಕೀಲರು, ನ್ಯಾಯವಾದಿ ಅಂದರೂ ಇವರೇ. 'ಲಾಯರ್' ಮಾತ್ರ ಸಡಿಲವಾದ ಪದ. ಎಲ್‌ಎಲ್‌ಬಿ ಓದಿದವರನ್ನೆಲ್ಲ ಲಾಯರ್ ಅನ್ನುತ್ತೇವೆ, ಆದರೆ ಡಿಗ್ರಿ ಇದ್ದ ಮಾತ್ರಕ್ಕೆ ಅಡ್ವೊಕೇಟ್ ಆಗುವುದಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2009-10ರಿಂದ ಈಚೆಗೆ ಡಿಗ್ರಿ ಪಡೆದವರು ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ನೋಂದಾಯಿಸಿದವರಿಗೆ ಒಂದು ನಂಬರ್ ಕೊಡುತ್ತಾರೆ. ಕರ್ನಾಟಕದಲ್ಲಿ ಅದು 'ಕೆಎಆರ್' ಅಂತ ಶುರುವಾಗಿ, ನಡುವೆ ಸಂಖ್ಯೆ, ಕೊನೆಗೆ ವರ್ಷ ಇರುತ್ತದೆ. ಆ ನಂಬರ್ ಕೇಳಿ. ಯಾವ ವಕೀಲರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನು ಯಾರಾದರೂ ಕೇಳಿದರೆ ಖುಷಿಯಿಂದ ಹೇಳುತ್ತೇನೆ. ನೋಂದಣಿ ಇಲ್ಲದೆ ಕೋರ್ಟಿನಲ್ಲಿ ವಕೀಲಿ ನಡೆಸಿದರೆ ಆರು ತಿಂಗಳವರೆಗೆ ಜೈಲು ಅಂತ ಅದೇ ಕಾಯ್ದೆಯ 45ನೇ ಕಲಂ ಹೇಳುತ್ತದೆ.

ನಂಬರ್ ಇದ್ದರೆ ಅವರು ವಕೀಲರು ಅಂತಾಯಿತು. *ನಿಮ್ಮ* ವಕೀಲರು ಆಗಬೇಕಾದರೆ ಇನ್ನೊಂದು ಕಾಗದ ಬೇಕು. ಅದೇ ವಕಾಲತ್ತು. ನೀವು ಸಹಿ ಮಾಡಿ, ಅವರು ಒಪ್ಪಿ ಸಹಿ ಮಾಡಿ, ಕೋರ್ಟಿಗೆ ಸಲ್ಲಿಸಿದ ಮೇಲೆ ಅವರು ಮಾತಾಡಿದ್ದು ನೀವು ಮಾತಾಡಿದ ಹಾಗೆ. ದಯವಿಟ್ಟು ಖಾಲಿ ವಕಾಲತ್ತಿಗೆ ಸಹಿ ಹಾಕಬೇಡಿ. ಕೋರ್ಟಿನ ಹೆಸರು, ನಿಮ್ಮ ಹೆಸರು, ವಕೀಲರ ಹೆಸರು, ನಂಬರ್ ಎಲ್ಲ ತುಂಬಿದ ಮೇಲೆ ಓದಿ ಸಹಿ ಮಾಡಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಈಗ ಆ ಮೇಡಂ ವಿಷಯ. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕೆಂದರೆ "ಸರ್ಕಾರದ ಲಾಯರ್" ಅನ್ನುವ ಒಂದೇ ಮಾತನ್ನು ನಮ್ಮ ಜನ ಮೂರು ಬೇರೆ ಬೇರೆ ಕೆಲಸದವರಿಗೆ ಹೇಳುತ್ತಾರೆ.

ನೀವು ನೋಡಿದವರು ಸಹಾಯಕ ಸರ್ಕಾರಿ ಅಭಿಯೋಜಕರು, ಕೋರ್ಟಿನ ಮಾತಿನಲ್ಲಿ ಎಪಿಪಿ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕಿದ ಕೇಸುಗಳನ್ನು ನಡೆಸುವವರು ಇವರು. ಕೊಲೆಯಂಥ ದೊಡ್ಡ ಕೇಸುಗಳು ಸೆಷನ್ಸ್ ಕೋರ್ಟಿಗೆ ಹೋಗುತ್ತವೆ, ಅಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಪಿಪಿ ಇರುತ್ತಾರೆ. ನಿಮ್ಮ ಅಮ್ಮನಿಗೆ ಪೆಟ್ಟು ಬಿತ್ತು ನಿಜ, ಆದರೆ ಕಾನೂನಿನ ಕಣ್ಣಿಗೆ ಆ ಕೇಸು ಅಮ್ಮನದಲ್ಲ, ಸರ್ಕಾರದ್ದು. ಕೇಸಿನ ಹೆಸರೇ ನೋಡಿ, 'ಕರ್ನಾಟಕ ರಾಜ್ಯ ವಿರುದ್ಧ ಇಂಥವರು' ಅಂತ ಇರುತ್ತದೆ. ಅಮ್ಮ ಅದರಲ್ಲಿ ಫಿರ್ಯಾದಿ ಮತ್ತು ಸಾಕ್ಷಿ. ಹಾಗಾಗಿ ಎಪಿಪಿ ನಿಮ್ಮಿಂದ ವಕಾಲತ್ತು ಪಡೆಯುವುದಿಲ್ಲ, ಫೀಸೂ ಪಡೆಯುವಂತಿಲ್ಲ. ಯಾರಾದರೂ "ಎಪಿಪಿಗೆ ಕೊಡಬೇಕು" ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಫೋನ್ ನಂಬರ್ ತೆಗೆದುಕೊಳ್ಳಲಿಲ್ಲ ಅಂತ ನಿಮಗೆ ನೋವಾಗಿದೆ. ಒಬ್ಬ ಎಪಿಪಿಯ ಮೇಜಿನ ಮೇಲೆ ಒಂದೇ ದಿನ ಎಷ್ಟು ಫೈಲು ಇರುತ್ತವೆ ಅಂತ ನಾನು ದಿನಾ ನೋಡುತ್ತೇನೆ. ಅವರು ಪೊಲೀಸರ ಕೈಕೆಳಗಿನವರೂ ಅಲ್ಲ, ಅವರದು ಬೇರೆಯೇ ಇಲಾಖೆ, ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ. ಆರೋಪಿಗೆ ಹೇಗಾದರೂ ಶಿಕ್ಷೆ ಕೊಡಿಸುವುದು ಅವರ ಕೆಲಸ ಅಲ್ಲ, ಇರುವ ಸತ್ಯವನ್ನು ನ್ಯಾಯಾಧೀಶರ ಮುಂದೆ ಇಡುವುದು ಅವರ ಕೆಲಸ. ಅಮ್ಮನ ಸಾಕ್ಷಿ ಇರುವ ದಿನ ಅರ್ಧ ಗಂಟೆ ಮುಂಚೆ ಹೋಗಿ, ಅವರನ್ನು ಕಂಡು, ಅಮ್ಮ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಒಮ್ಮೆ ಓದಿಸಿಕೊಳ್ಳಿ. ಬಹಳ ಜನ ಎಪಿಪಿಗಳು ಇದಕ್ಕೆ ಸಮಯ ಕೊಡುತ್ತಾರೆ.

ಹಾಗಾದರೆ ಈ ಕೇಸಿನಲ್ಲಿ ಅಮ್ಮನಿಗೆ ಸ್ವಂತ ವಕೀಲರು ಇರಬಾರದಾ? ಇರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನು, ಅದರ 338ನೇ ಕಲಂ ಪ್ರಕಾರ ನಿಮ್ಮ ವಕೀಲರು ಅಭಿಯೋಜಕರ ಸೂಚನೆಯಂತೆ ನಡೆಯುತ್ತಾ ಅವರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ಹಳೆಯ ಕಾನೂನಿನಲ್ಲೂ ಇದು ಇತ್ತು. ಆದರೆ ಬಂಡಿ ಹೊಡೆಯುವವರು ಎಪಿಪಿಯೇ. ಚೆಕ್ ಬೌನ್ಸ್ ಥರದ ಕೇಸುಗಳಲ್ಲಿ ಮಾತ್ರ ದೂರು ಕೊಟ್ಟವರ ವಕೀಲರೇ ಕೇಸು ನಡೆಸುತ್ತಾರೆ, ಅಲ್ಲಿ ಎಪಿಪಿ ಬರುವುದಿಲ್ಲ.

ಎರಡನೇ "ಸರ್ಕಾರದ ಲಾಯರ್" ಅಂದರೆ ಜಿಲ್ಲಾ ಸರ್ಕಾರಿ ವಕೀಲರು, ಡಿಜಿಪಿ ಅಂತ ಬೋರ್ಡು ಹಾಕಿರುತ್ತಾರೆ. ಪೊಲೀಸ್ ಡಿಜಿಪಿ ಅಲ್ಲ, ಡಿಸ್ಟ್ರಿಕ್ಟ್ ಗವರ್ನಮೆಂಟ್ ಪ್ಲೀಡರ್. ಸಿವಿಲ್ ದಾವೆಯಲ್ಲಿ ಸರ್ಕಾರ ಪಾರ್ಟಿಯಾಗಿದ್ದರೆ ಸರ್ಕಾರದ ಪರ ನಿಲ್ಲುವವರು ಇವರು. ನಾಳೆ ನಿಮ್ಮ ದಾವೆಯಲ್ಲಿ ತಹಶೀಲ್ದಾರರನ್ನೂ ಪಾರ್ಟಿ ಮಾಡಿದರೆ ಇವರು ನಿಮ್ಮ ಎದುರು ಬದಿಯಲ್ಲಿ ನಿಲ್ಲುತ್ತಾರೆ. ಇದೇ ಸಾಲಿನಲ್ಲಿ ಹೈಕೋರ್ಟಿನಲ್ಲಿ ರಾಜ್ಯಕ್ಕೆ ಅಡ್ವೊಕೇಟ್ ಜನರಲ್, ದೆಹಲಿಯಲ್ಲಿ ಕೇಂದ್ರಕ್ಕೆ ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್ ಇರುತ್ತಾರೆ. ಟಿವಿಯಲ್ಲಿ ಕೇಳುವ ಹೆಸರುಗಳು, ನಿಮ್ಮ ಮೂರು ಎಕರೆಗೆ ಅವರ ಅಗತ್ಯ ಬೀಳದಿರಲಿ.

ಮೂರನೆಯವರೇ ನಿಮ್ಮೂರಲ್ಲಿ ಹೇಳಿದ "ಫ್ರೀ ಲಾಯರ್". ಇವರಿಗೆ ಫೀಸು ಬರುವುದು ಸರ್ಕಾರದ ಹಣದಿಂದ, ಆದರೆ ಇವರು ಸರ್ಕಾರದ ಪರ ಅಲ್ಲ, ನಿಮ್ಮ ಪರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಇವರಿಗೆ ಆದಾಯದ ಮಿತಿ ಇಲ್ಲ. ನಿಮ್ಮ ಅಮ್ಮ ಹೆಂಗಸು ಅನ್ನುವ ಒಂದೇ ಕಾರಣ ಸಾಕು. ಪಹಣಿಯಲ್ಲಿ ಎಷ್ಟು ಎಕರೆ ಇದೆ ಅಂತ ಯಾರೂ ಕೇಳಬೇಕಾಗಿಲ್ಲ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಅಲ್ಲಿ ಪಟ್ಟಿಯಲ್ಲಿರುವ ವಕೀಲರನ್ನು ಪ್ಯಾನಲ್ ವಕೀಲರು ಅನ್ನುತ್ತಾರೆ. ಅಲ್ಲಿ ಅರ್ಜಿ ತುಂಬಲು, ಕಾಗದ ಹೊಂದಿಸಲು ನೆರವಾಗುವ ಅರೆಕಾನೂನು ಸ್ವಯಂಸೇವಕರು ಇರುತ್ತಾರೆ. ಅವರು ಒಳ್ಳೆಯ ಕೆಲಸ ಮಾಡುತ್ತಾರೆ, ಆದರೆ ಅವರು ವಕೀಲರಲ್ಲ, ವಾದ ಮಾಡುವುದಿಲ್ಲ.

ಇದೇ ವ್ಯವಸ್ಥೆಯಲ್ಲಿ ಈಗ ಕ್ರಿಮಿನಲ್ ಕೇಸಿನ ಆರೋಪಿಗಳಿಗಾಗಿಯೇ ಕೆಲಸ ಮಾಡುವ ವಕೀಲರೂ ಇದ್ದಾರೆ, ಕಾನೂನು ನೆರವು ರಕ್ಷಣಾ ವಕೀಲರು. ಹಾಗಾಗಿ ಒಂದು ದಿನ ಕೋರ್ಟಿನಲ್ಲಿ ನಿಮ್ಮ ಚಿಕ್ಕಪ್ಪನ ಪಕ್ಕ ಒಬ್ಬರು ನಿಂತು "ನಾನು ಕಾನೂನು ಸೇವೆಯಿಂದ ಬಂದಿದ್ದೇನೆ" ಅಂದರೆ ಸರ್ಕಾರವೇ ಚಿಕ್ಕಪ್ಪನ ಕಡೆ ಹೋಯಿತು ಅಂತ ತಿಳಿಯಬೇಡಿ. ಒಂದೇ ಕೋರ್ಟ್ ಹಾಲಿನಲ್ಲಿ ಸರ್ಕಾರದ ಸಂಬಳದ ಎಪಿಪಿ ಒಂದು ಕಡೆ, ಸರ್ಕಾರದ ಹಣದ ರಕ್ಷಣಾ ವಕೀಲರು ಇನ್ನೊಂದು ಕಡೆ ನಿಂತು ವಾದ ಮಾಡುತ್ತಾರೆ. ನನಗೆ ನಮ್ಮ ವ್ಯವಸ್ಥೆಯಲ್ಲಿ ತುಂಬಾ ಗೌರವ ಇರುವ ಸಂಗತಿ ಇದು. ದುಡ್ಡಿಲ್ಲದವನನ್ನು ವಕೀಲರಿಲ್ಲದೆ ಜೈಲಿಗೆ ಕಳಿಸಬಾರದು, ಅವನು ನಿಮ್ಮ ಅಮ್ಮನನ್ನು ಹೊಡೆದ ಆರೋಪಿಯೇ ಆಗಿದ್ದರೂ.

"ಫ್ರೀ ಅಂದರೆ ಕೆಲಸ ಮಾಡಲ್ಲ" ಅನ್ನುವ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಎಲ್ಲ ಕಡೆ ಇರುವ ಹಾಗೆ ಇಲ್ಲೂ ಚೆನ್ನಾಗಿ ಮಾಡುವವರು, ಮಾಡದವರು ಇಬ್ಬರೂ ಇದ್ದಾರೆ. ಸರಿಯಾಗಿ ನಡೆಸುತ್ತಿಲ್ಲ ಅನ್ನಿಸಿದರೆ ಪ್ರಾಧಿಕಾರಕ್ಕೆ ಬರೆದುಕೊಟ್ಟು ಬೇರೆಯವರನ್ನು ಕೇಳಬಹುದು. ಪ್ಯಾನಲ್ ವಕೀಲರು ಕಕ್ಷಿದಾರರಿಂದ ದುಡ್ಡು ಕೇಳುವಂತಿಲ್ಲ.

ಇನ್ನು ನೋಟರಿ. ಇದೇ ನಿಮ್ಮ ಜಗಳದ ಬೇರು, ಅಲ್ವಾ? ನೋಟರಿಯೂ ವಕೀಲರೇ. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರನ್ನು ಸರ್ಕಾರ 1952ರ ನೋಟರಿ ಕಾಯ್ದೆಯಡಿ ನೇಮಿಸುತ್ತದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು. ಆದರೆ ನೋಟರಿ ಕುರ್ಚಿಯಲ್ಲಿ ಕೂತಾಗ ಅವರು ಯಾರ ಪರವೂ ಅಲ್ಲ. ಅವರು ಹೇಳುವುದು ಇಷ್ಟೇ: ಇಂಥ ದಿನ, ಇಂಥವರು ನನ್ನ ಮುಂದೆ ಬಂದು ಈ ಕಾಗದಕ್ಕೆ ಸಹಿ ಮಾಡಿದರು. ಕಾಗದದೊಳಗೆ ಬರೆದದ್ದು ನಿಜ ಅಂತ ಅವರು ಹೇಳುತ್ತಿಲ್ಲ. ಜಮೀನು ಇವರದೇ ಅಂತಂತೂ ಹೇಳುತ್ತಿಲ್ಲ. ನಮ್ಮ ಕಡೆ ಮಾತ್ರ ಕೆಂಪು ಸೀಲು ಬಿದ್ದರೆ ಸಾಕು, ಅದು ರಿಜಿಸ್ಟರ್ ಆದ ಹಾಗೆ ಅಂತ ನಂಬಿಬಿಟ್ಟಿದ್ದಾರೆ. ನನ್ನ ಹತ್ತಿರ ಬಂದ ಒಬ್ಬ ರೇಷ್ಮೆ ಬೆಳೆಗಾರರು ಹತ್ತು ವರ್ಷ ಗೂಡು ಮಾರಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಸೈಟು ಕೊಂಡಿದ್ದರು. ಕೈಯಲ್ಲಿದ್ದದ್ದು ನೋಟರಿ ಮಾಡಿಸಿದ ಕರಾರು ಮತ್ತು ಒಂದು ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ, ಅಷ್ಟು ಮಾತ್ರ. ಮಾರಿದವನು ಅದೇ ಸೈಟನ್ನು ಇನ್ನೊಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟಿದ್ದ. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ಮನುಷ್ಯನಿಗೆ ಇದನ್ನು ಹೇಳುವಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ.

ನಿಮ್ಮ ಚಿಕ್ಕಪ್ಪನ ಪಾಲುಪತ್ರಕ್ಕೆ ಬಂದರೆ, ಆ ಪತ್ರದ ಮೂಲಕವೇ ಜಮೀನು ಭಾಗ ಮಾಡಿದ್ದರೆ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಆದರೆ "ನಾವು ಮೊದಲೇ ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿದ್ದೆವು, ಅದನ್ನು ನೆನಪಿಗೆ ಬರೆದಿಟ್ಟಿದ್ದೇವೆ" ಅಂತ ಅದರಲ್ಲಿ ಇದ್ದರೆ ಲೆಕ್ಕ ಬೇರೆ, ಅಂಥ ನೆನಪಿನ ಪಟ್ಟಿಗೆ ನೋಂದಣಿ ಕಡ್ಡಾಯ ಅಲ್ಲ. ಹಾಗಾಗಿ ಆ ಪತ್ರದ ಒಂದೊಂದು ಸಾಲನ್ನೂ ನಿಮ್ಮ ವಕೀಲರು ಓದಬೇಕು. ನೋಟರಿಯವರು ಇಂಥ ಸಹಿಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಸೀಲಿನ ಹತ್ತಿರ ಕ್ರಮಸಂಖ್ಯೆ, ತಾರೀಖು ಇದೆಯಾ ನೋಡಿ. ಅಪ್ಪನ ಸಹಿ ಇದ್ದರೆ ಆ ದಿನ ಅಪ್ಪ ಎಲ್ಲಿದ್ದರು ಅಂತ ಅಮ್ಮನಿಗೆ ನೆನಪಿದೆಯಾ ಕೇಳಿ. ಪತ್ರದಲ್ಲಿ 'ಕೋಲಾರ ಜಿಲ್ಲೆ' ಅಂತ ಇದ್ದು, ತಾರೀಖು 2007ಕ್ಕಿಂತ ಹಿಂದಿನದಾದರೆ ಅದೇನೂ ತಪ್ಪಲ್ಲ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ ಆ ವರ್ಷ.

ಪತ್ರ ಬರಹಗಾರರು ಇನ್ನೊಂದು ಜಾತಿ. ಸಬ್ ರಿಜಿಸ್ಟ್ರಾರ್ ಕಚೇರಿ ಸುತ್ತ ಕೂತು ಕ್ರಯಪತ್ರ, ದಾನಪತ್ರ ಬರೆದುಕೊಡುವವರು. ಕೆಲವರ ಕೈಬರಹ, ಭಾಷೆ ಎರಡೂ ಅಷ್ಟು ಚೆಂದ. ಆದರೆ ಅವರು ನೀವು ಹೇಳಿದ್ದನ್ನು ಬರೆಯುತ್ತಾರೆ, ಹಕ್ಕು ಸರಿಯಿದೆಯಾ ಅಂತ ಹುಡುಕಿ ಹೇಳುವುದು ಅವರ ಕೆಲಸ ಅಲ್ಲ.

3,000 ರೂಪಾಯಿ ತೆಗೆದುಕೊಂಡವರು ಗುಮಾಸ್ತರು ಇರಬಹುದು. ವಕೀಲರ ಗುಮಾಸ್ತರು ಇಲ್ಲದೆ ನಮ್ಮ ಕೋರ್ಟು ಒಂದು ದಿನವೂ ನಡೆಯುವುದಿಲ್ಲ. ಫೈಲಿಂಗ್, ನಕಲು ಅರ್ಜಿ, ತಾರೀಖು ನೋಡುವುದು ಎಲ್ಲ ಅವರೇ. ನಾನು ಜೂನಿಯರ್ ಆಗಿದ್ದಾಗ ಅರ್ಧ ಕೆಲಸ ಕಲಿತದ್ದು ನಮ್ಮ ಆಫೀಸಿನ ಗುಮಾಸ್ತರಿಂದಲೇ. ಆದರೆ ಅವರು ಯಾವುದಾದರೂ ಒಬ್ಬ ವಕೀಲರ ಗುಮಾಸ್ತರಾಗಿರಬೇಕು. ಯಾರ ಆಫೀಸು ಅಂತ ಕೇಳಿ, ಆ ಆಫೀಸಿಗೆ ಹೋಗಿ ವಕೀಲರನ್ನೇ ಕಂಡು, ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ಆಫೀಸಿನ ಹೆಸರು ಹೇಳಲು ತಡವರಿಸಿದರೆ ಅವರು ದಲ್ಲಾಳಿ. ಕೇಸು ಹಾಕಿದ್ದೇವೆ ಅಂತ ಅವರು ಹೇಳಿದರೆ ಸಿಎನ್‌ಆರ್ ನಂಬರ್ ಕೇಳಿ. ದಾಖಲಾದ ಪ್ರತಿ ಕೇಸಿಗೂ ಹದಿನಾರು ಅಕ್ಷರ ಅಂಕಿಗಳ ಒಂದು ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆಪಿನಲ್ಲಿ ಅದನ್ನು ಹಾಕಿದರೆ ಕೇಸು ಯಾವ ಕೋರ್ಟಿನಲ್ಲಿದೆ, ಮುಂದಿನ ತಾರೀಖು ಯಾವಾಗ, ನಿಮ್ಮ ಪರ ವಕೀಲರು ಅಂತ ಯಾರ ಹೆಸರಿದೆ, ಎಲ್ಲ ಕಾಣುತ್ತದೆ.

'ಸೀನಿಯರ್' ಅನ್ನುವ ಮಾತಿನಲ್ಲೂ ಒಂದು ಗೊಂದಲ ಇದೆ. ನಮ್ಮ ವಕೀಲರ ನಡುವೆ ಜೂನಿಯರ್‌ಗಳನ್ನು ಇಟ್ಟುಕೊಂಡ ಹಿರಿಯರನ್ನು ಸೀನಿಯರ್ ಅನ್ನುತ್ತೇವೆ. ಕಾನೂನಿನಲ್ಲಿ ಸೀನಿಯರ್ ಅಡ್ವೊಕೇಟ್ ಅಂದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆ ಪದವಿ ಕೊಟ್ಟವರು. ಅವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ, ಇನ್ನೊಬ್ಬ ವಕೀಲರ ಜೊತೆಗೇ ಬರಬೇಕು. ಸುಪ್ರೀಂ ಕೋರ್ಟಿಗೆ ಹೋದರೆ ಅಲ್ಲಿ ಕೇಸು ಹಾಕಲು ಅಡ್ವೊಕೇಟ್ ಆನ್ ರೆಕಾರ್ಡ್ ಅನ್ನುವವರೇ ಬೇಕು. ಅಷ್ಟು ದೂರ ಈಗ ಬೇಡ.

ಕುರ್ಚಿಯಲ್ಲಿ ಕೂರುವವರ ಬಗ್ಗೆ ಎರಡು ಮಾತು. ಹಳಬರು ಮುನ್ಸಿಫ್ ಕೋರ್ಟು ಅನ್ನುತ್ತಾರಲ್ಲ, ಈಗ ಅದು ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಒಬ್ಬರೇ ವ್ಯಕ್ತಿ. ಜಮೀನಿನ ದಾವೆ ಕೇಳುವಾಗ ಸಿವಿಲ್ ನ್ಯಾಯಾಧೀಶರು, ಹೊಡೆದಾಟದ ಕೇಸು ಕೇಳುವಾಗ ಮ್ಯಾಜಿಸ್ಟ್ರೇಟರು. ತಹಶೀಲ್ದಾರರ ಬೋರ್ಡಿನಲ್ಲೂ 'ತಾಲ್ಲೂಕು ದಂಡಾಧಿಕಾರಿ' ಅಂತ ಇರುತ್ತದೆ, ಆದರೆ ಅವರು ನ್ಯಾಯಾಧೀಶರಲ್ಲ. ಖಾತೆ, ಪಹಣಿ ತಕರಾರು ತಹಶೀಲ್ದಾರ್, ಎಸಿ, ಡಿಸಿ ಹತ್ತಿರ ಹೋಗುತ್ತದೆ. ಜಮೀನು ಯಾರದು ಅಂತ ಕೊನೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟ್. ನಿಮ್ಮ ಚಿಕ್ಕಪ್ಪ ಆ ಪತ್ರ ಇಟ್ಟುಕೊಂಡು ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದಾರಾ ಅಂತ ನಾಡಕಚೇರಿಯಲ್ಲಿ ವಿಚಾರಿಸಿ. ಕೊಟ್ಟಿದ್ದರೆ ತಕ್ಷಣ ಲಿಖಿತ ತಕರಾರು ಹಾಕಿ.

ಒಂದು ಎಚ್ಚರಿಕೆ. "ಗೆಲ್ಲಿಸಿಕೊಡುತ್ತೇನೆ, ಫೀಸು ಬೇಡ, ಗೆದ್ದ ಮೇಲೆ ಅರ್ಧ ಎಕರೆ ಬರೆದುಕೊಡಿ" ಅನ್ನುವವರ ಹತ್ತಿರ ಹೋಗಬೇಡಿ. ಗೆಲುವಿನ ಮೇಲೆ ಪಾಲು ಪಡೆಯುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸುತ್ತದೆ. ವಕೀಲರನ್ನು ಬದಲಿಸಬೇಕು ಅನ್ನಿಸಿದರೆ ಬದಲಿಸಬಹುದು. ಫೀಸು ಬಾಕಿ ಇದೆ ಅಂತ ಹೇಳಿ ನಿಮ್ಮ ಮೂಲ ಕಾಗದಗಳನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ, 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ವಕೀಲರು ಮೋಸ ಮಾಡಿದರೆ ದೂರು ಕೊಡಬೇಕಾದ ಜಾಗ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತು. ಗ್ರಾಹಕರ ಕೋರ್ಟಿಗೆ ಹೋದರೆ ನಡೆಯುವುದಿಲ್ಲ ಅಂತ 2024ರಲ್ಲಿ ತೀರ್ಪಾಗಿದೆ.

ಸೋಮವಾರ ಅಮ್ಮನನ್ನು ಕರೆದುಕೊಂಡು ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆಧಾರ್, ಪಹಣಿ, ಅಪ್ಪನ ಮರಣ ಪತ್ರ, ಎಫ್‌ಐಆರ್ ಪ್ರತಿ, ಚಿಕ್ಕಪ್ಪನ ಪಾಲುಪತ್ರದ ಜೆರಾಕ್ಸ್ ಸಿಕ್ಕಿದರೆ ಅದು, ಇಷ್ಟು ಇರಲಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ಪಾಲಿನ ದಾವೆಗೆ ಒಬ್ಬ ವಕೀಲರು ಬೇಕು, ಹೊಡೆದಾಟದ ಕೇಸಿನಲ್ಲಿ ಎಪಿಪಿಗೆ ನೆರವಾಗಲೂ ಅವರೇ ಬರಲಿ ಅಂತ ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. ಸ್ವಂತ ದುಡ್ಡಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಅದೂ ಸರಿ, ಫೀಸು ಎಷ್ಟು, ಯಾವಾಗ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅಮ್ಮನಿಗೆ ಕನ್ನಡಕ್ಕಿಂತ ತೆಲುಗು ಸಲೀಸು ಆಗಿದ್ದರೆ ತೆಲುಗು ಬರುವ ವಕೀಲರನ್ನೇ ಕೇಳಿ, ನಮ್ಮ ಕಡೆ ಅದೇನೂ ಕಷ್ಟ ಅಲ್ಲ. ಸಾಕ್ಷಿ ಹೇಳುವ ದಿನ ಪಕ್ಕದಲ್ಲಿ ತನ್ನ ಮಾತು ಅರ್ಥ ಆಗುವವರು ಒಬ್ಬರಿದ್ದರೆ ಅಮ್ಮನಿಗೆ ಭಯ ಕಡಿಮೆ ಆಗುತ್ತದೆ.